ಫೋಟೋ ಚೆನ್ನಾಗಿದೆ, ಆದ್ರೆ ಇದು ಏನು?

ನನ್ ಕೆಲ್ಸ ಫೋಟೋ ಡೆಸ್ಕಲ್ಲಿ. ಪ್ರವಾಸದ ಮ್ಯಾಗಜೀನು, ಗೈಡ್‌ಬುಕ್ಕುಗಳಿಗೆ ಅಂತ ಫೋಟೋಗ್ರಾಫರುಗಳು ಕಳ್ಸೋ ರಾಶಿಯಲ್ಲಿ ಯಾವ್ದು ಪುಟಕ್ಕೆ ಹೋಗ್ಬೇಕು ಅಂತ ಆರಿಸೋದು, ಕ್ಯಾಪ್ಷನ್ ಬರಿಯೋದು, ತಪ್ಪು ಹೋದ್ರೆ ಓದುಗರ ಹತ್ರ ಬೈಸ್ಕೊಳ್ಳೋದು. ಆಗಾಗ ನಾನೂ ಕ್ಯಾಮೆರಾ ಹಿಡ್ಕೊಂಡು ಹೋಗ್ತೀನಿ, ಆದ್ರೆ ಜಾಸ್ತಿ ಹೊತ್ತು ಸ್ಕ್ರೀನ್ ಮುಂದೇನೇ. ಹೊಸದಾಗಿ ಸೇರೋರು ಅನ್ಕೊಂಡಿರ್ತಾರೆ, ಇಲ್ಲಿ ದಿನಾ ಲೈಟಿಂಗು, ಕಾಂಪೊಸಿಷನ್ನು ಅಂತ ಚರ್ಚೆ ನಡೀತಿರತ್ತೆ ಅಂತ. ಅದೆಲ್ಲ ಆಮೇಲಿನ ಮಾತು. ಸ್ಮಾರಕದ್ದೋ ಮ್ಯೂಸಿಯಮ್ಮಿಂದೋ ಫೋಟೋ ಓಪನ್ ಆದ್ ತಕ್ಷಣ ನಾವು ಕೇಳೋ ಮೊದಲ್ನೇ ಪ್ರಶ್ನೆ "ಇದು ಏನು?" ಅಂತ. ಅದಕ್ಕೆ ಉತ್ರ ಸಿಗ್ಲಿಲ್ಲ ಅಂದ್ರೆ ಫೋಟೋ ಎಷ್ಟೇ ಚೆಂದ ಇದ್ರೂ ಫೋಲ್ಡರಲ್ಲೇ ಉಳ್ಕೊಳತ್ತೆ.

ಕೇಳಕ್ಕೆ ಸುಲಭದ ಪ್ರಶ್ನೆ, ಆದ್ರೆ ಅಲ್ಲ. ಇಟಲಿಯ ಫ್ಲಾರೆನ್ಸಲ್ಲಿ ಪಲಾಝೋ ವೆಕ್ಕಿಯೋ ಅನ್ನೋ ಹಳೇ ಅರಮನೆ ಮುಂದೆ ನಿಂತಿರೋ ಡೇವಿಡ್ ಮೂರ್ತಿಯ ಫೋಟೋ ನಮಗೆ ಬರ್ತಾನೇ ಇರತ್ತೆ, ಕೆಳಗೆ "ಮೈಕೆಲೆಂಜೆಲೊ ಕೆತ್ತಿದ ಡೇವಿಡ್" ಅಂತ ಬರ್ದಿರ್ತಾರೆ. ಅಲ್ಲಿರೋದು 1910ರಲ್ಲಿ ನಿಲ್ಸಿದ ಪ್ರತಿ. ಅಸಲಿ ಮೂರ್ತಿನ ಮಳೆ ಗಾಳಿಯಿಂದ ಕಾಪಾಡೋಕೆ ಅಂತ 1873ರಲ್ಲೇ ಅಕಾಡೆಮಿಯಾ ಗ್ಯಾಲರಿಗೆ ಸಾಗ್ಸಿಬಿಟ್ರು. ವೆನಿಸ್ಸಿನ ಸೇಂಟ್ ಮಾರ್ಕ್ ಬಸಿಲಿಕಾ ಮುಂಭಾಗದ ನಾಲ್ಕು ಕುದುರೆಗಳೂ ಹಾಗೇನೇ, ಹೊರಗಿರೋದು ಪ್ರತಿ, ಅಸಲಿ ಒಳಗಡೆ ಮ್ಯೂಸಿಯಮ್ಮಲ್ಲಿ. ಅಥೆನ್ಸಿನ ಅಕ್ರೊಪೊಲಿಸ್ ಮೇಲೆ ಎರೆಕ್ಥಿಯನ್ ಅಂತ ದೇವಾಲಯ ಇದೆಯಲ್ಲ, ಕಂಬದ ಬದ್ಲು ಹೆಂಗಸರ ಮೂರ್ತಿಗಳೇ ಸೂರು ಹೊತ್ತಿರೋದು, ಆ ಆರೂ ಮೂರ್ತಿ ಈಗ ಪ್ರತಿಗಳು. ಅಸಲಿ ಆರರಲ್ಲಿ ಐದು ಕೆಳಗಿನ ಅಕ್ರೊಪೊಲಿಸ್ ಮ್ಯೂಸಿಯಮ್ಮಲ್ಲಿ, ಒಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಲ್ಲಿ. ಗೋಡೆ ಮೇಲೆ ಆದಿಮಾನವರ ಚಿತ್ರ ಇರೋ ಫ್ರಾನ್ಸಿನ ಲಾಸ್ಕೋ ಗುಹೆನ ಜನರಿಗೆ 1963ರಲ್ಲೇ ಮುಚ್ಚಿಬಿಟ್ರು, ಯಾಕಂದ್ರೆ ನೋಡೋಕೆ ಬರೋರ ಉಸಿರಿಂದಾನೇ ಚಿತ್ರ ಹಾಳಾಗ್ತಿತ್ತು, 1983ರಿಂದ ಜನ ನೋಡ್ತಿರೋದು ಪಕ್ಕದಲ್ಲಿ ಕಟ್ಟಿದ ನಕಲು ಗುಹೆ. ಹಾಗಾಗಿ ಯಾರಾದ್ರೂ "ಲಾಸ್ಕೋದಲ್ಲಿ ನಾನು ಹೋದ್ವಾರ ತೆಗೆದ ಹದಿನೇಳು ಸಾವಿರ ವರ್ಷದ ಹಿಂದಿನ ಚಿತ್ರ" ಅಂತ ಕಳ್ಸಿದ್ರೆ ನಮಗೆ ನಗು ಬರತ್ತೆ. ಪ್ರತಿಯ ಫೋಟೋ ಹಾಕ್ಬಾರ್ದು ಅಂತೇನಿಲ್ಲ, ಧಾರಾಳವಾಗಿ ಹಾಕ್ತೀವಿ, ಪ್ರತಿ ಅಂತ ಬರ್ದು ಹಾಕ್ತೀವಿ ಅಷ್ಟೇ.

ಇದಕ್ಕೆ ಮದ್ದು ತುಂಬಾ ಸಪ್ಪೆ ಮದ್ದು: ವಸ್ತುವಿನ ಫೋಟೋ ತೆಗೆದ ಮೇಲೆ ಪಕ್ಕದ ಬೋರ್ಡಿಂದೂ ಒಂದು ತೆಗೀರಿ. ಪ್ರತಿ ಸಲ. ವಸ್ತು, ಬೋರ್ಡು, ವಸ್ತು, ಬೋರ್ಡು, ಇದೇ ಕ್ರಮದಲ್ಲಿ, ಕ್ರಮ ತಪ್ಪಬಾರ್ದು, ಯಾಕಂದ್ರೆ ಒಂದ್ ಸಲ ಬೋರ್ಡು ಮೊದ್ಲು ಇನ್ನೊಂದ್ ಸಲ ವಸ್ತು ಮೊದ್ಲು ಆಯ್ತು ಅಂದ್ರೆ ಯಾವ ಬೋರ್ಡು ಯಾವುದರದ್ದು ಅಂತ ನಾವು ಇಲ್ಲಿ ಕೂತು ತಲೆ ಕೆರ್ಕೊಳ್ಬೇಕು. ಬೋರ್ಡಲ್ಲಿ ಒಂದು ಸಣ್ಣ ನಂಬರ್ ಇರತ್ತೆ ನೋಡಿ, ಮ್ಯೂಸಿಯಮ್ಮಿನ ದಾಖಲೆ ನಂಬರ್, ಅದು ಕಾಣ್ಬೇಕು. ಹೆಸರು ಹತ್ತು ಮೂರ್ತಿಗೆ ಒಂದೇ ಇರ್ಬಹುದು, ಆ ನಂಬರ್ ಮಾತ್ರ ಒಂದಕ್ಕೊಂದೇ. ಒಬ್ರು ಒಂದು ಇಡೀ ಫೋಲ್ಡರ್ ಕಂಚಿನ ಮೂರ್ತಿಗಳ ಫೋಟೋ ಕಳ್ಸಿದ್ರು, ಬೆಳಕು ಅದ್ಭುತ, ಒಂದಕ್ಕೂ ಹೆಸರಿಲ್ಲ. ಯಾರು, ಯಾವ ಕಾಲದ್ದು ಅಂತ ಕೇಳಿದ್ರೆ "ಅದು ಎರಡನೇ ಮಹಡಿ ಬಲಗಡೆ ರೂಮು" ಅಂದ್ರು. ಎಲ್ಲಾ ಪಕ್ಕಕ್ಕಿಟ್ವಿ.

ಅದರ ಜೊತೆಗೇ ಕ್ಯಾಮೆರಾದ ಗಡಿಯಾರ. ದೇಶ ಬದಲಾದ್ರೆ ಫೋನ್ ತಾನಾಗೇ ಟೈಮ್ ಬದಲಾಯಿಸ್ಕೊಳತ್ತೆ, ಎಷ್ಟೋ ಕ್ಯಾಮೆರಾ ಬದಲಾಯಿಸ್ಕೊಳಲ್ಲ. ಆಮೇಲೆ ಫೋನಿನ ಜಿಪಿಎಸ್ ಜೊತೆ ಹೊಂದಿಸೋಕೆ ಹೋದ್ರೆ ಮಧ್ಯಾಹ್ನ ಮ್ಯೂಸಿಯಮ್ಮಲ್ಲಿ ತೆಗೆದಿದ್ದು ಏರ್‌ಪೋರ್ಟಲ್ಲಿ ತೆಗೆದ ಹಾಗೆ ಕಾಣತ್ತೆ. ಇಳಿದ್ ತಕ್ಷಣ ಸರಿಮಾಡ್ಕೊಳ್ಳಿ, ಮರೆತ್ರೆ ಫೋನಿನ ಗಡಿಯಾರದ ಫೋಟೋ ಒಂದನ್ನ ಕ್ಯಾಮೆರಾದಲ್ಲಿ ತೆಗ್ದಿಟ್ಕೊಳ್ಳಿ, ಆಮೇಲೆ ಎಲ್ಲದನ್ನೂ ಒಟ್ಟಿಗೆ ಸರಿಪಡಿಸ್ಬಹುದು.

ಈಗ ಸಾಫ್ಟ್‌ವೇರ್ ಕಥೆಗೆ ಬರ್ತೀನಿ. ಎತ್ತರದ ಕಟ್ಟಡನ ಕೆಳಗಿಂದ ಕ್ಯಾಮೆರಾ ಎತ್ತಿ ತೆಗೆದ್ರೆ ಗೋಡೆಗಳು ಮೇಲೆ ಹೋಗ್ತಾ ಹೋಗ್ತಾ ಒಳಗೆ ವಾಲ್ತವೆ, ಎಲ್ರಿಗೂ ಗೊತ್ತು. ಕಟ್ಟಡದ ಫೋಟೋನೇ ಕಸುಬು ಮಾಡ್ಕೊಂಡೋರು ಟಿಲ್ಟ್ ಶಿಫ್ಟ್ ಲೆನ್ಸ್ (ಕ್ಯಾಮೆರಾ ಎತ್ತದೇನೇ ಮೇಲಿನ ಭಾಗ ಫ್ರೇಮಿಗೆ ತರೋ ವಿಶೇಷ ಲೆನ್ಸ್) ಹಾಕ್ತಾರೆ, ಮಿಕ್ಕೋರು ದೂರ ಹೋಗಿ ಕ್ಯಾಮೆರಾ ನೆಟ್ಟಗೆ ಹಿಡ್ದು ತೆಗೆದು ಕೆಳಗಿನ ನೆಲದ ಭಾಗನ ಕತ್ತರಿಸ್ತಾರೆ, ಅದೂ ಆಗ್ದಿದ್ರೆ ಲೈಟ್‌ರೂಮ್ ಅನ್ನೋ ಫೋಟೋ ತಿದ್ದೋ ಸಾಫ್ಟ್‌ವೇರಲ್ಲಿ ಒಂದು ಬಟನ್. ಈ ಆಟೋ ಬಟನ್ನೇ ಅಪಾಯ. ನಮಗೆ ಒಂದ್ ಸಲ ಪೀಸಾ ಗೋಪುರದ ಫೋಟೋ ಬಂತು, ಗೋಪುರ ನೆಟ್ಟಗೆ ನಿಂತಿದೆ, ಪಕ್ಕದ ಕೆಥೆಡ್ರಲ್ ವಾಲಿದೆ! ಸಾಫ್ಟ್‌ವೇರಿಗೆ ಏನ್ ಗೊತ್ತು ಪಾಪ, ಫ್ರೇಮಲ್ಲಿ ದೊಡ್ಡದಾಗಿ ಕಾಣೋ ಗೆರೆ ಯಾವ್ದೋ ಅದನ್ನ ನೆಟ್ಟಗೆ ಮಾಡ್ತು. ಆ ಗೋಪುರನ 1990ರಲ್ಲಿ ಮುಚ್ಚಿ, ಬುಡದ ಮಣ್ಣು ತೆಗ್ದು, 2001ರಲ್ಲಿ ಜನರಿಗೆ ಮತ್ತೆ ತೆರೆಯೋ ಹೊತ್ತಿಗೆ ಇಂಜಿನಿಯರುಗಳು ವಾಲಿದ್ದನ್ನ ಐದೂವರೆ ಡಿಗ್ರಿಯಿಂದ ಸುಮಾರು ನಾಲ್ಕಕ್ಕೆ ಇಳಿಸಿದ್ರು, ಮಿಕ್ಕ ನಾಲ್ಕನ್ನ ನಮ್ಮ ಫೋಟೋಗ್ರಾಫರ್ ಒಂದೇ ಕ್ಲಿಕ್ಕಲ್ಲಿ ಮುಗ್ಸಿದ್ರು. ಅಥೆನ್ಸಿನ ಪಾರ್ಥೆನಾನ್ ದೇವಾಲಯ ಇನ್ನೂ ಸೂಕ್ಷ್ಮ. ಅದರ ನೆಲಗಟ್ಟೇ ಮಧ್ಯದಲ್ಲಿ ಉಬ್ಬಿದೆ, ಉದ್ದದ ಬದಿಯಲ್ಲಿ ಸುಮಾರು 11 ಸೆಂಟಿಮೀಟರ್, ಅಗಲದ ಬದಿಯಲ್ಲಿ ಸುಮಾರು 6. ಕಂಬಗಳೂ ಸ್ವಲ್ಪ ಒಳಗೆ ವಾಲಿವೆ. ಕಟ್ಟಿದೋರು ಬೇಕು ಅಂತಾನೇ ಮಾಡಿದ್ದು. ಲೆನ್ಸಿನ ದೋಷ ಅನ್ಕೊಂಡು ಆ ಗೆರೆನ ಎಳೆದು ನೇರ ಮಾಡಿದ್ರೆ ನೀವು ಆ ಕಟ್ಟಡದ ಜಾಣ್ಮೆನೇ ಅಳಿಸಿದ ಹಾಗೆ. ಲೆನ್ಸಿನ ಪ್ರೊಫೈಲ್ (ಆ ಲೆನ್ಸಿನ ದೋಷ ಮಾತ್ರ ಸರಿಮಾಡೋ ಸೆಟ್ಟಿಂಗ್) ಹಾಕಿ, ಅಲ್ಲಿಗೆ ನಿಲ್ಸಿ, ಕೈಯಿಂದ ನೇರ ಮಾಡೋ ಮುಂಚೆ ಕಟ್ಟಡದ ಬಗ್ಗೆ ಎರಡ್ ನಿಮಿಷ ಓದಿ.

ಫೋಟೋ ಕನ್ನಡಿಯಲ್ಲಿ ಕಂಡ ಹಾಗೆ ತಿರುಗ್ಸೋದು ಇನ್ನೊಂದು, ಇದನ್ನ ಜಾಸ್ತಿ ಮಾಡೋದು ಫೋಟೋಗ್ರಾಫರುಗಳಲ್ಲ, ನಮ್ಮ ಡಿಸೈನರುಗಳೇ. ಫೋಟೋದಲ್ಲಿರೋ ಮುಖ ಪುಟದ ಒಳಭಾಗದ ಕಡೆ ನೋಡ್ತಿರ್ಬೇಕು ಅಂತ ಹೇಳಿ ಸದ್ದಿಲ್ದೆ ತಿರುಗ್ಸಿಬಿಡ್ತಾರೆ. ಬರ್ಲಿನ್ನಿನ ನೊಯೆಸ್ ಮ್ಯೂಸಿಯಮ್ಮಿನ ಈಜಿಪ್ಟಿನ ರಾಣಿ ನೆಫರ್ಟಿಟಿಯ ಮೂರ್ತಿಗೆ ಎಡಗಣ್ಣಿನ ಗುಡ್ಡೆ ಇಲ್ಲ, ತಿರುಗ್ಸಿದ್ರೆ ಬಲಗಣ್ಣು ಹೋಗತ್ತೆ, ಗೊತ್ತಿರೋರು ಪುಟ ತೆಗ್ದ ತಕ್ಷಣ ಹಿಡೀತಾರೆ. ತಾಜ್ ಮಹಲ್ ಎರಡೂ ಕಡೆ ಒಂದೇ ಥರ ಇರೋದ್ರಿಂದ ದೂರದ ಫೋಟೋ ತಿರುಗ್ಸಿದ್ರೆ ಯಾರಿಗೂ ಗೊತ್ತಾಗಲ್ಲ ಅನ್ಸತ್ತೆ, ದ್ವಾರದ ಸುತ್ತ ಇರೋ ಅರೇಬಿಕ್ ಅಕ್ಷರ ಕಾಣೋ ಹಾಗೆ ಝೂಮ್ ಆಗಿದ್ರೆ ಮುಗೀತು. ಈಜಿಪ್ಟಿನ ಚಿತ್ರಲಿಪಿ ಇದೆಯಲ್ಲ, ಅದು ನಮ್ಮಂಥೋರಿಗೆ ಬೇಗ ಸಿಗಲ್ಲ, ಯಾಕಂದ್ರೆ ಅದನ್ನ ಎಡದಿಂದ ಬಲಕ್ಕೂ ಬರೀತಿದ್ರು, ಬಲದಿಂದ ಎಡಕ್ಕೂ ಬರೀತಿದ್ರು. ಪ್ರಾಣಿ, ಪಕ್ಷಿಗಳ ಮುಖ ಯಾವ ಕಡೆ ಇದೆಯೋ ಆ ಕಡೆಯಿಂದ ಓದೋಕೆ ಶುರು. ಹಾಗಾಗಿ ಈಗ ಮೂಲ ಫೈಲ್ ಪಕ್ಕದಲ್ಲಿಟ್ಟು ಹೋಲಿಸ್ದೆ ನಾವು ಪುಟ ಬಿಡಲ್ಲ.

ಬೆಳಕಿನ ವಿಷಯದಲ್ಲಿ ಎಲ್ರೂ ಹೇಳೋದು ಬೆಳಿಗ್ಗೆ ಬೇಗ ಹೋಗಿ ಅಂತ. ನಾನು ಹೇಳೋದು, ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಿದೆ ನೋಡ್ಕೊಂಡು ಹೋಗಿ ಅಂತ. ಕಾಂಬೋಡಿಯಾದ ಆಂಕೋರ್ ವಾಟ್ ದೇವಾಲಯ ಪಶ್ಚಿಮಕ್ಕೆ ಮುಖ ಮಾಡಿದೆ. ಸೂರ್ಯೋದಯಕ್ಕೆ ಕೊಳದ ಹತ್ರ ಜನ ಕಿಕ್ಕಿರಿದು ನಿಂತು ತೆಗಿಯೋದೆಲ್ಲ ಗೋಪುರಗಳ ಕಪ್ಪು ನೆರಳು, ಹಿಂದೆ ಕೆಂಪು ಆಕಾಶ. ಚೆಂದ, ಇಲ್ಲ ಅನ್ನಲ್ಲ, ಆದ್ರೆ ಅಂಥದ್ದು ನಮ್ಮ ಹತ್ರ ಬೇಕಾದಷ್ಟಿದೆ. ಕಲ್ಲಿನ ಕೆತ್ತನೆ ಕಾಣ್ಬೇಕು, ಮುಂಭಾಗದ ಮೇಲೆ ಬಿಸ್ಲು ಬೀಳ್ಬೇಕು ಅಂದ್ರೆ ಮಧ್ಯಾಹ್ನದ ಮೇಲೆ ಹೋಗ್ಬೇಕು. ಈಜಿಪ್ಟಿನ ಅಬು ಸಿಂಬೆಲ್ ದೇವಾಲಯ ತದ್ವಿರುದ್ಧ, ಪೂರ್ವಕ್ಕೆ ಮುಖ, ಸುಮಾರು 20 ಮೀಟರ್ ಎತ್ತರದ ಕೂತ ಮೂರ್ತಿಗಳ ಮೇಲೆ ಬೆಳಕು ಬೀಳೋದು ಬೆಳಿಗ್ಗೇನೇ, ಮಧ್ಯಾಹ್ನ ಆಯ್ತು ಅಂದ್ರೆ ಮುಖವೆಲ್ಲ ನೆರಳು. ಅಲ್ಲಿ ವರ್ಷಕ್ಕೆ ಎರಡು ದಿನ, ಫೆಬ್ರವರಿ 22 ಮತ್ತು ಅಕ್ಟೋಬರ್ 22ರ ಆಸುಪಾಸು, ಬಿಸಿಲು ಗರ್ಭಗುಡಿ ತನಕ ಹೋಗತ್ತೆ, ಆವತ್ತು ಕಾಲಿಡಕ್ಕೂ ಜಾಗ ಇರಲ್ಲ.

ಮ್ಯೂಸಿಯಮ್ಮಿನ ಒಳಗೆ ಬಂದ್ರೆ ಎಲ್ರದ್ದೂ ಒಂದೇ ಗೋಳು, ಕತ್ತಲೆ. ಜಿಪುಣತನ ಅಲ್ಲ ಅದು. ಕಾಗದ, ಬಟ್ಟೆ, ಜಲವರ್ಣದಂಥ ವಸ್ತುಗಳಿಗೆ ಸಾಮಾನ್ಯವಾಗಿ 50 ಲಕ್ಸ್ (ಲಕ್ಸ್ ಅಂದ್ರೆ ಬೆಳಕಿನ ಅಳತೆ) ಸುಮಾರು ಬೆಳಕು ಮಾತ್ರ ಬಿಡ್ತಾರೆ, ಬಣ್ಣ ಮಾಸ್ದೆ ಇರ್ಲಿ ಅಂತ. ಲೆಕ್ಕ ಹಾಕಿದ್ರೆ 50 ಲಕ್ಸ್ ಅಂದ್ರೆ ಲೆನ್ಸಿನ ಬಾಯಿ ಎಫ್ 2.8, ಬೆಳಕು ಹಿಡಿಯೋ ಸೂಕ್ಷ್ಮತೆ ಐಎಸ್‌ಒ 3200 ಇಟ್ರೆ ಶಟರ್ ವೇಗ ಸೆಕೆಂಡಿನ 80ನೇ ಒಂದು ಭಾಗ, ಹತ್ರಹತ್ರ. ಅಷ್ಟು ಇದ್ರೆ ಕೈಯಲ್ಲಿ ಹಿಡ್ದೇ ಆರಾಮಾಗಿ ತೆಗೀಬಹುದು, ಫ್ಲಾಶ್ ಯಾಕೆ, ಟ್ರೈಪಾಡ್ ಯಾಕೆ (ಎರಡೂ ಹೆಚ್ಚಿನ ಕಡೆ ಬಿಡಲ್ಲ ಬಿಡಿ). ಸ್ವಲ್ಪ ಗ್ರೇನ್ (ಕಾಳು ಕಾಳಾಗಿ ಕಾಣೋದು) ಬಂದ್ರೆ ನಾವು ಒಪ್ಕೋತೀವಿ, ಅಲುಗಾಡಿದ್ದನ್ನ ಒಪ್ಪಲ್ಲ. ಒಂದೇ ಎಚ್ಚರಿಕೆ, ಸೈಲೆಂಟ್ ಶಟರ್. ಶಬ್ದ ಬರಬಾರ್ದು ಅಂತ ಹಾಕ್ತಾರೆ, ಎಲ್‌ಇಡಿ ದೀಪದ ಕೆಳಗೆ ಫೋಟೋ ತುಂಬ ಅಡ್ಡ ಪಟ್ಟಿ ಪಟ್ಟಿ ಬರತ್ತೆ, ಕ್ಯಾಮೆರಾದ ಸಣ್ಣ ಸ್ಕ್ರೀನಲ್ಲಿ ಕಾಣಲ್ಲ, ನಮ್ಮ ಮಾನಿಟರಲ್ಲಿ ಕಾಣತ್ತೆ. ಮೆಕ್ಯಾನಿಕಲ್ ಶಟರ್ ಹಾಕಿ ಇಲ್ಲಾಂದ್ರೆ ಮೊದ್ಲ ಫೋಟೋನ ದೊಡ್ಡದು ಮಾಡಿ ನೋಡಿ. ಗಾಜಿನ ಪೆಟ್ಟಿಗೆ ಇದ್ರೆ ರಬ್ಬರ್ ಹುಡ್ ತಗೊಂಡು ಲೆನ್ಸನ್ನ ಗಾಜಿನ ಹತ್ರ ಮೆಲ್ಲಗೆ ತನ್ನಿ, ಒತ್ತಬೇಡಿ, ನೀವು ಹಾಕ್ಕೊಂಡು ಹೋಗೋ ಬಟ್ಟೆ ಕಪ್ಪಗಿರ್ಲಿ ಯಾಕಂದ್ರೆ ಗಾಜಲ್ಲಿ ಕಾಣೋದು ನಿಮ್ಮ ಬಿಳಿ ಶರ್ಟೇ. ಪ್ರತಿಬಿಂಬ ತೆಗಿಯೋಕೆ ಅಂತ ಲೆನ್ಸಿಗೆ ಹಾಕೋ ಪೋಲರೈಸರ್ ಫಿಲ್ಟರ್, ನೀವು ಗಾಜಿನ ಎದುರಿಗೆ ನೇರ ನಿಂತ್ರೆ ಏನೂ ಕೆಲ್ಸ ಮಾಡಲ್ಲ, ಗಾಜಿಗೆ ಎದುರಾದ ನೇರ ಗೆರೆಯಿಂದ 55 ಡಿಗ್ರಿ ಸುಮಾರು ಓರೆಯಾಗಿ ನಿಂತಾಗಲೇ ಪ್ರತಿಬಿಂಬ ತೆಗಿಯತ್ತೆ, ಅದೂ ಇರೋ ಅಷ್ಟಿಷ್ಟು ಬೆಳಕಲ್ಲಿ ಅರ್ಧವೋ ಮುಕ್ಕಾಲೋ ತಿಂದ್ಹಾಕಿ.

ಜನ ಅಡ್ಡ ಬರ್ತಾರೆ ಅಂತ ಹತ್ತಿಪ್ಪತ್ತು ಫೋಟೋ ತೆಗ್ದು ಕಂಪ್ಯೂಟರಲ್ಲಿ ಸೇರ್ಸಿ ಜನರನ್ನೆಲ್ಲ ಮಾಯ ಮಾಡ್ತಾರಲ್ಲ, ನಿಮ್ಮ ಮನೆ ಗೋಡೆಗೆ ಮಾಡ್ಕೊಳ್ಳಿ, ನಮಗೆ ಕಳ್ಸಿದ್ರೆ ಹೇಳಿ ಕಳ್ಸಿ. ಹಾಡುಹಗಲೇ ಖಾಲಿ ಟ್ರೆವಿ ಕಾರಂಜಿ ನೋಡಿ ಓದುಗರು ಅದೇ ಆಸೆ ಇಟ್ಕೊಂಡು ರೋಮಿಗೆ ಹೋದ್ರೆ ಅಲ್ಲಿನ ಜಾತ್ರೆ ನೋಡಿ ನಮ್ಮನ್ನ ಶಪಿಸ್ತಾರೆ.

ಇನ್ನು ಅನುಮತಿ. ತೆಗಿಯೋದಕ್ಕೆ ಅನುಮತಿ ಬೇರೆ, ಅಚ್ಚು ಹಾಕೋಕೆ ಅನುಮತಿ ಬೇರೆ, ಇದು ಎಷ್ಟು ಸಲ ಹೇಳಿದ್ರೂ ಜನರ ತಲೆಗೆ ಹೋಗಲ್ಲ. ಟಿಕೆಟ್ ತಗೊಂಡು ಒಳಗೆ ಹೋಗಿ ನಿಮಗೋಸ್ಕರ ತೆಗೆದ ಫೋಟೋನ ಪೋಸ್ಟ್‌ಕಾರ್ಡ್ ಮಾಡಿ ಮಾರೋಕೆ ಹೊರಟ್ರೆ ಕಥೆನೇ ಬೇರೆ. ಕಟ್ಟಡದ ವಿನ್ಯಾಸದ ಹಕ್ಕು ಅದನ್ನ ಮಾಡಿದೋರು ತೀರ್ಕೊಂಡ ಮೇಲೂ ಎಷ್ಟೋ ವರ್ಷ ಇರತ್ತೆ. ಪ್ಯಾರಿಸ್ಸಿನ ಐಫೆಲ್ ಟವರ್ ಕಟ್ಟಿ ಮುಗಿದಿದ್ದು 1889ರಲ್ಲಿ, ಅದನ್ನ ಕಟ್ಟಿಸಿದ ಇಂಜಿನಿಯರ್ ಐಫೆಲ್ ತೀರ್ಕೊಂಡಿದ್ದು 1923ರಲ್ಲಿ, ಅಂದ್ಮೇಲೆ ಹಗಲಿನ ಟವರ್ ಯಾರು ಬೇಕಾದ್ರೂ ಹಾಕ್ಬಹುದು. ರಾತ್ರಿಯ ದೀಪಾಲಂಕಾರಕ್ಕೆ ಮಾತ್ರ ಬೇರೆ ಹಕ್ಕಿದೆ, ವ್ಯಾಪಾರಕ್ಕೆ ಬಳಸೋದಾದ್ರೆ ಟವರ್ ನಡ್ಸೋರ ಒಪ್ಪಿಗೆ ಬೇಕು. ಅದೇ ಊರಿನ ಲೂವ್ರ್ ಮ್ಯೂಸಿಯಮ್ಮಿನ ಅಂಗಳದಲ್ಲೂ ಅಷ್ಟೇ, ಅರಮನೆ ಹಳೇದು, ಮಧ್ಯದ ಗಾಜಿನ ಪಿರಮಿಡ್ 1989ರದ್ದು, ಅದರ ಆರ್ಕಿಟೆಕ್ಟ್ ಐ ಎಂ ಪೇ ತೀರ್ಕೊಂಡಿದ್ದು 2019ರಲ್ಲಿ. ಒಂದೇ ಫ್ರೇಮಲ್ಲಿ ಒಂದಕ್ಕೆ ಹಕ್ಕು ಮುಗ್ದಿದೆ, ಇನ್ನೊಂದಕ್ಕೆ ಮುಗ್ದಿಲ್ಲ.

ಇನ್ನು ಕೆಲವು ಕಡೆ ಕ್ಯಾಮೆರಾ ಎತ್ತೋದೇ ಬೇಡ. ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್ ಒಳಗೆ, ತಾಜ್ ಮಹಲಿನ ಸಮಾಧಿ ಇರೋ ಒಳಕೋಣೆಯಲ್ಲಿ, ಬರ್ಲಿನ್ನಲ್ಲಿ ನೆಫರ್ಟಿಟಿ ಇರೋ ರೂಮಲ್ಲಿ. ಸಿಸ್ಟೀನ್ ಕಥೆ ತಮಾಷೆಯದ್ದು, 1980ರಿಂದ ನಡೆದ ಜೀರ್ಣೋದ್ಧಾರಕ್ಕೆ ಜಪಾನಿನ ನಿಪ್ಪಾನ್ ಟೀವಿ ದುಡ್ಡು ಕೊಟ್ಟು ಫೋಟೋ, ವಿಡಿಯೋ ಹಕ್ಕನ್ನ ತಾನು ಇಟ್ಕೊಂಡಿತ್ತು, ಆ ಅವಧಿ ಮುಗಿದು ಎಷ್ಟೋ ವರ್ಷ ಆಯ್ತು, ನಿಷೇಧ ಮಾತ್ರ ಹಾಗೇ ಇದೆ. ಅಲ್ಲಿ ಗಾರ್ಡ್ ಕಣ್ಣು ತಪ್ಸಿ ಸೊಂಟದ ಹತ್ರ ಫೋನ್ ಹಿಡ್ದು ತೆಗೆದ ಫೋಟೋಗಳು ನಮಗೆ ಬರ್ತವೆ, ಸಾಹಸದ ಕಥೆ ಸಮೇತ. ತಗೊಳ್ಳಲ್ಲ. ಅದನ್ನ ಹಾಕಿದ್ರೆ ನಾಳೆ ನಾವು ಅದೇ ಜಾಗಕ್ಕೆ ಅನುಮತಿ ಕೇಳೋಕೆ ಮುಖ ಇರಲ್ಲ. ಪ್ರೆಸ್ ಆಫೀಸಿಗೆ ಮೊದ್ಲೇ ಒಂದು ಮೇಲ್ ಹಾಕಿದ್ರೆ ಎಷ್ಟೋ ಸಲ ಅವ್ರೇ ಒಳ್ಳೆ ಫೋಟೋ ಕಳಿಸ್ತಾರೆ.

ಅವ್ರೇ ಕಳ್ಸ್ತಾರೆ ಅನ್ನೋದ್ರಿಂದ ನಮ್ಮ ಕೆಲ್ಸದಲ್ಲಿ ಒಂದು ದೊಡ್ಡ ಬದಲಾವಣೆ ಆಗಿದೆ. ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ ತನ್ನ ಹತ್ರ ಇರೋ, ಹಕ್ಕು ಮುಗಿದ ಕಲಾಕೃತಿಗಳ ಫೋಟೋನ 2017ರಿಂದ ಯಾರು ಬೇಕಾದ್ರೂ ಬಳಸ್ಬಹುದು ಅಂತ ಬಿಟ್ಟಿದೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ 2022ರಲ್ಲಿ ರೆಂಬ್ರಾಂಟಿನ ನೈಟ್ ವಾಚ್ ಚಿತ್ರನ 717 ಗಿಗಾಪಿಕ್ಸೆಲ್ಲಿನ ಫೋಟೋ ಮಾಡಿ ಆನ್‌ಲೈನ್ ಹಾಕ್ತು, ಬಣ್ಣದ ಒಂದೊಂದು ಕಣನೂ ಕಾಣತ್ತೆ. ಅದರ ಮುಂದೆ ನೀವು ಜನರ ತಲೆ ಮೇಲಿಂದ ಕೈ ಎತ್ತಿ ತೆಗೆದ ಚಿತ್ರದ ಚಿತ್ರ ಯಾಕೆ ಬೇಕು ಹೇಳಿ? ನಮಗೆ ಬೇಕಾಗಿರೋದು ಆ ರೂಮು. ಮೋನಾಲಿಸಾ 77 ಸೆಂಟಿಮೀಟರ್ ಎತ್ತರ, 53 ಅಗಲ, ಅಷ್ಟೇ. ಅದರ ಮುಂದೆ ಎತ್ತಿ ಹಿಡಿದಿರೋ ಫೋನುಗಳ ಕಾಡು, ದೂರದಲ್ಲಿ ಅಷ್ಟು ಚಿಕ್ಕ ಚೌಕಟ್ಟು, ಈ ಫೋಟೋನ ಮ್ಯೂಸಿಯಮ್ಮಿನೋರು ನಮಗೆ ಕೊಡಲ್ಲ. ಈಗ ಫೋಟೋಗ್ರಾಫರುಗಳಿಗೆ ಕೆಲ್ಸ ಕೊಡ್ವಾಗ ನಾನು ಬರೀತೀನಿ, ಕಲಾಕೃತಿ ಬೇಡ, ಬೆಂಚಿನ ಮೇಲೆ ಕೂತು ಸ್ಕೆಚ್ ಹಾಕ್ತಿರೋರು, ದೊಡ್ಡ ಮೂರ್ತಿಯ ಪಾದದ ಹತ್ರ ನಿಂತ ಒಬ್ಬ ಮನುಷ್ಯ, ಮೆಟ್ಟಿಲಿನ ಕಲ್ಲು ಕಾಲು ತಾಗಿ ಸವೆದಿರೋ ಜಾಗ, ಇವು ಬೇಕು, ಜೊತೆಗೆ ಆ ರೂಮಿನ ನಂಬರ್ ಬೋರ್ಡಿನ ಫೋಟೋನೂ ಬೇಕು ಅಂತ.