ನನ್ನ ಎಡಗೈಗೆ ಸಿಕ್ಕ ಹೆಸರು

ಎಲ್ಲ ದೇಶದವರೂ ಸುಲಭವಾಗಿ ಕಲಿಯಲಿ ಅಂತ ಒಬ್ಬರು ಕೂತು ಕಟ್ಟಿದ ಭಾಷೆ ಎಸ್ಪೆರಾಂಟೊ. ಅದನ್ನು ಕಲಿಯಲು ಶುರು ಮಾಡಿ ಮೂರು ವಾರ ಆಗಿತ್ತು. ನನ್ನ ಬಗ್ಗೆ ನಾಲ್ಕು ಸಾಲು ಬರೆಯುವ ಅಭ್ಯಾಸ ಬಂತು. ಹೆಸರು, ಕೆಲಸ ಎಲ್ಲ ಆಯ್ತು. ಸುಮ್ನೆ ಇರಲಾರದೆ 'ನಾನು ಎಡಚಿ' ಅಂತಲೂ ಸೇರಿಸೋಣ ಅನಿಸಿ ನಿಘಂಟು ತೆಗೆದೆ. ಸಿಕ್ಕಿದ್ದು ಇಷ್ಟುದ್ದದ ಪದ: ಮಲ್‌ಡೆಕ್ಸ್‌ಟ್ರಮಾನ.

ಪೆನ್ಸಿಲ್‌ನಲ್ಲಿ ಗೆರೆ ಎಳೆದು ತುಂಡು ಮಾಡಿದೆ. ಮಾನ್ ಅಂದರೆ ಕೈ, ಲ್ಯಾಟಿನ್ನಿನ ಮನುಸ್. ಡೆಕ್ಸ್‌ಟ್ರ ಅಂದರೆ ಬಲ, ಲ್ಯಾಟಿನ್ನಿನ ಡೆಕ್ಸ್‌ಟರ್. ಉಳಿದಿದ್ದು ಮಲ್. ಲ್ಯಾಟಿನ್ನಿನಲ್ಲಿ ಮಲುಸ್ ಅಂದರೆ ಕೆಟ್ಟ. ಮಲೇರಿಯಾದ ಒಳಗಿರುವುದೂ ಅದೇ, ಕೆಟ್ಟ ಗಾಳಿ. ಅಲ್ಲಿಗೆ ನಾನು 'ಕೆಟ್ಟ ಬಲಗೈಯವಳು'! ಚಿಕ್ಕವಳಿದ್ದಾಗ ಪೆನ್ಸಿಲ್ ಕಿತ್ತು ಬಲಗೈಗೆ ತುರುಕಿದವರೆಲ್ಲ ನೆನಪಾದರು.

ಸಿಟ್ಟಿನಲ್ಲೇ ವ್ಯಾಕರಣದ ಪುಟ ತಿರುವಿದೆ. ಎಸ್ಪೆರಾಂಟೊದ ಮಲ್‌ನಲ್ಲಿ ಕೆಟ್ಟತನವೇ ಇಲ್ಲ. ಅದು ಅರ್ಥವನ್ನು ಉಲ್ಟಾ ಮಾಡುತ್ತದೆ, ಅಷ್ಟೇ. ಲೋಂಗ ಉದ್ದ, ಮಲ್‌ಲೋಂಗ ಗಿಡ್ಡ. ಯೂನ ಅಂದರೆ ಎಳೆಯ, ಮಲ್‌ಯೂನ ಮುದಿ. ತಮಾಷೆ ಅಂದರೆ, 'ಕೆಟ್ಟ' ಅನ್ನೋದಕ್ಕೂ ಇಲ್ಲಿ ಸ್ವಂತ ಪದ ಇಲ್ಲ, ಬೋನ ಅಂದರೆ ಒಳ್ಳೆಯ, ಅದಕ್ಕೇ ಮಲ್ ಅಂಟಿಸಬೇಕು. 1887ರಲ್ಲಿ ವಾರ್ಸಾದಲ್ಲಿ ಈ ಭಾಷೆಯ ಮೊದಲ ಪುಸ್ತಕ ತಂದ ಕಣ್ಣಿನ ಡಾಕ್ಟರ್ ಜಾಮೆನ್‌ಹೋಫ್‌ಗೆ ಕಲಿಯುವವರ ತಲೆಭಾರ ಇಳಿಸಬೇಕಿತ್ತು. ಒಂದು ಪದ ಕಲಿತರೆ ಅದರ ವಿರುದ್ಧ ಪದ ಪುಕ್ಕಟೆ.

ಲ್ಯಾಟಿನ್ನಿನಲ್ಲಿ ಎಡಕ್ಕೆ ಸಿನಿಸ್ಟರ್ ಅನ್ನುವ ಬೇರೆಯೇ ಪದ ಇದೆ. ಅದು ಇಂಗ್ಲಿಷಿಗೆ ಹೋಗಿ ಕೇಡಿನ ಅರ್ಥಕ್ಕೆ ನಿಂತಿತು. ಅದು ಇಲ್ಲಿಗೆ ಬರದಿದ್ದದ್ದೇ ಒಳ್ಳೇದಾಯ್ತು.

ಡೆಕ್ಸ್‌ಟರ್, ಡೆಕ್ಸ್‌ಟರ್... ಬಾಯಲ್ಲಿ ಆಡಿಸುತ್ತಿದ್ದಾಗ ತಟ್ಟನೆ ಹೊಳೆಯಿತು. ದಕ್ಷಿಣ! ಹುಡುಕಿ ನೋಡಿದರೆ ಹೌದು, ಎರಡೂ ಒಂದೇ ಬೇರಿನವು. ಸಂಸ್ಕೃತದ ದಕ್ಷಿಣಕ್ಕೆ ಬಲಗಡೆ ಅನ್ನುವ ಅರ್ಥವೂ ಇದೆ. ಪೂರ್ವಕ್ಕೆ ಮುಖ ಮಾಡಿದರೆ ಬಲಗೈ ಕಡೆ ಬರುವ ದಿಕ್ಕು ಅದು. ಎದ್ದು ನಿಂತು ಕೈ ಚಾಚಿಯೇ ನೋಡಿದೆ. ಬಾಗಿಲ ಹತ್ತಿರ ಯಾರೂ ಇರಲಿಲ್ಲ, ಸದ್ಯ.

ಆದರೂ ಒಂದು ತಕರಾರು ಉಳಿಯಿತು. ಎಡಕ್ಕೆ ಸ್ವಂತ ಪದ ಕೊಟ್ಟು ಬಲಕ್ಕೆ ಮಲ್ ಹಚ್ಚಬಹುದಿತ್ತು, ಅಲ್ವಾ? ಪದ್ಯ ಬರೆಯುವ ಕೆಲವರು ಎಡಕ್ಕೆ ಲೀವ ಅನ್ನುತ್ತಾರಂತೆ. ಮೂರು ವಾರದ ವಿದ್ಯಾರ್ಥಿನಿಗೆ ಅಷ್ಟು ಶೋಕಿ ಜಾಸ್ತಿ ಆಯ್ತು.

ಉದ್ದದ ಪದವನ್ನೇ ಇಂಕ್ ಪೆನ್ನಿನಲ್ಲಿ ನಿಧಾನವಾಗಿ ಬರೆದೆ. ಕೈ ಎತ್ತಿ ನೋಡಿದರೆ, ಎಂದಿನಂತೆ ಅಂಗೈ ಅಂಚು ಹಸಿ ಇಂಕನ್ನು ಒರೆಸಿಕೊಂಡು ಹೋಗಿತ್ತು. ಮೊದಲಿನ ಮಲ್ ಮಾಯ. ಹಾಳೆಯ ಪ್ರಕಾರ ನಾನೀಗ ಬಲಗೈಯವಳು.