ಅಜ್ಜಿಯ ಕೈಗೆ ಫೋನ್ ಕೊಡುವ ಮುಂಚಿನ ಒಂದು ದಿನ

ಹಿರಿಯರಿಗೆಂದು ತಂದ ಫೋನಿಗೆ ಸಿಮ್ ಹಾಕಿ, ನಾಲ್ಕು ಆ್ಯಪ್ ಇಳಿಸಿ, ಕೈಗಿತ್ತು ಹೊರಟರೆ ಅರ್ಧ ಗಂಟೆಯ ಕೆಲಸ. ಆದರೆ 70 ದಾಟಿದ ಕಣ್ಣು, ಕಿವಿ, ಬೆರಳಿಗೆ ಅದೇ ಫೋನ್ ಒಗ್ಗಬೇಕಾದರೆ ಇಡೀ ಒಂದು ದಿನ ಬೇಕು. ಅದೂ ಅಜ್ಜಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು. ಅವರಿಗೆ ಬೇಕಾದ ಅನುಕೂಲಗಳಲ್ಲಿ ಹೆಚ್ಚಿನವು ಈಗಾಗಲೇ ಫೋನಿನೊಳಗಿವೆ, ವರ್ಷವರ್ಷ ಇನ್ನೂ ಸೇರುತ್ತಿವೆ. ಸೆಟ್ಟಿಂಗ್ಸ್‌ನ ಮೂಲೆಯಲ್ಲಿ ಕುಳಿತಿರುವ ಅವನ್ನು ಯಾರಾದರೂ ಹುಡುಕಿ ಆನ್ ಮಾಡಬೇಕು, ಅಷ್ಟೆ.

ಬೆಳಿಗ್ಗೆ ಅಕ್ಷರದಿಂದ ಶುರು. ಡಿಸ್ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಎರಡು ಅಳತೆಗಳಿವೆ: ಅಕ್ಷರದ ಗಾತ್ರ ಒಂದು, ಪರದೆಯ ಮೇಲಿನ ಎಲ್ಲವುಗಳ ಗಾತ್ರ ಇನ್ನೊಂದು. 2023ರ ಆಂಡ್ರಾಯ್ಡ್ 14ರಿಂದ ಅಕ್ಷರವನ್ನು ಶೇ. 200ರವರೆಗೆ ಹಿಗ್ಗಿಸಬಹುದು. ಮೊದಲೇ ದಪ್ಪಗಿರುವ ತಲೆಬರಹ ಕಡಿಮೆ ಬೆಳೆದು, ಸಣ್ಣ ಅಕ್ಷರ ಹೆಚ್ಚು ಬೆಳೆಯುವಂತೆ ಮಾಡಿದ್ದಾರೆ. ಒಳ್ಳೆಯ ಏರ್ಪಾಡು. ಆದರೆ ಎರಡನ್ನೂ ಕೊನೆಯವರೆಗೆ ಎಳೆದರೆ ಕೆಲವು ಆ್ಯಪ್‌ಗಳಲ್ಲಿ 'ಸರಿ' ಎನ್ನುವ ಬಟನ್ ಪರದೆಯಾಚೆ ಹೋಗಿಬಿಡುತ್ತದೆ. ಕನ್ನಡದ ಒತ್ತಕ್ಷರದ ಕೆಳಭಾಗ ಕತ್ತರಿಸಿದಂತೆ ಕಾಣುವುದೂ ಉಂಟು. ಮೊದಲು ಅಕ್ಷರ ಹಿಗ್ಗಿಸಿ, ಎರಡನೆಯದನ್ನು ಒಂದೇ ಹಂತ ಏರಿಸಿ, ಬಂದ ಮೆಸೇಜೊಂದನ್ನು ಅವರಿಂದಲೇ ಓದಿಸಿ ನೋಡಬೇಕು. ನಮ್ಮ ಕಣ್ಣಿನ ಅಂದಾಜು ಇಲ್ಲಿ ಕೆಲಸಕ್ಕೆ ಬಾರದು.

'ನಾನು ಮುಟ್ಟಿದ್ರೆ ಏನೇನೋ ಬರುತ್ತೆ' ಎಂಬ ದೂರಿಗೆ ಕಾರಣ ಬೇರೆ. ವಯಸ್ಸಾದ ಬೆರಳು ಪರದೆಯ ಮೇಲೆ ಒಂದು ಕ್ಷಣ ಹೆಚ್ಚು ನಿಲ್ಲುತ್ತದೆ. ಫೋನ್ ಅದನ್ನು ಮುಟ್ಟಿದ್ದು ಎಂದುಕೊಳ್ಳದೆ ಒತ್ತಿ ಹಿಡಿದದ್ದು ಎಂದುಕೊಂಡು ಇನ್ನಾವುದೋ ಮೆನು ತೆರೆಯುತ್ತದೆ, ಐಕಾನ್ ಜಾಗ ಬಿಟ್ಟು ಏಳುತ್ತದೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಒತ್ತಿ ಹಿಡಿಯುವ ಅವಧಿಯನ್ನು 'ದೀರ್ಘ' ಮಾಡಿದರೆ ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ. ಹೋಮ್ ಸ್ಕ್ರೀನಿನ ಜೋಡಣೆಗೆ ಲಾಕ್ ಹಾಕುವ ಆಯ್ಕೆ ಇದ್ದರೆ ಅದನ್ನೂ ಹಾಕಿ. ಒಣಗಿದ, ಗೆರೆ ಸವೆದ ಬೆರಳಿನ ಗುರುತನ್ನು ಫೋನ್ ಬೇಗ ಹಿಡಿಯುವುದಿಲ್ಲ. ಒಂದೇ ಬೆರಳನ್ನು ಎರಡು ಸಲ ನೋಂದಾಯಿಸುವುದು ಇದಕ್ಕೆ ಸುಲಭದ ದಾರಿ. ಆದರೂ ಪಿನ್ ಅವರಿಗೆ ನೆನಪಿರಲೇಬೇಕು, ಏಕೆಂದರೆ ಆಫ್ ಆಗಿ ಮತ್ತೆ ಆನ್ ಆದ ಫೋನ್ ಮೊದಲು ಕೇಳುವುದು ಅದನ್ನೇ.

ದಿನದ ಮುಖ್ಯ ಕೆಲಸ ಮಾತ್ರೆಯ ಅಲಾರಂ. ಕಣ್ಣು ಮಂಜಾದರೂ, ನೆನಪು ಕೈಕೊಟ್ಟರೂ ಹೊತ್ತಿಗೆ ಸರಿಯಾಗಿ ಮಾತ್ರೆ ಒಳಗೆ ಹೋಗುವುದಿದೆಯಲ್ಲ, ಫೋನ್ ಕೊಡುವ ಅನುಕೂಲಗಳಲ್ಲಿ ಅದಕ್ಕಿಂತ ದೊಡ್ಡದು ನನಗೆ ಕಾಣದು. ಹೆಚ್ಚು ಕೈಕೊಡುವುದೂ ಅದೇ. ದಿನಕ್ಕೆ ಎರಡು ಮೂರು ಹೊತ್ತಿನ ಮಾತ್ರೆಯಾದರೆ ಗಡಿಯಾರದ ಆ್ಯಪ್‌ನ ಅಲಾರಂ ಸಾಕು. ಅದಕ್ಕೆ 'ಊಟದ ನಂತರ, ಬಿಳಿ ಮಾತ್ರೆ' ಎಂದು ಕನ್ನಡದಲ್ಲೇ ಹೆಸರು ಕೊಡಬಹುದು. ಪಟ್ಟಿ ಉದ್ದವಿದ್ದು ಬೇರೆ ಆ್ಯಪ್ ಹಾಕಿದರೆ ಮಾತ್ರ ಕೆಲವು ತಡೆಗಳನ್ನು ದಾಟಬೇಕು. ಆಂಡ್ರಾಯ್ಡ್ 13ರಿಂದ ನೋಟಿಫಿಕೇಷನ್‌ಗೆ ಮೊದಲೇ ಅನುಮತಿ ಕೊಟ್ಟಿರಬೇಕು. ಶುರುವಿನಲ್ಲಿ 'ಬೇಡ' ಒತ್ತಿದ್ದರೆ ಆ್ಯಪ್ ತುಟಿ ಬಿಚ್ಚುವುದಿಲ್ಲ. ನಿಮಿಷ ತಪ್ಪದೆ ಬಾರಿಸಲು 'ಅಲಾರಂ ಮತ್ತು ರಿಮೈಂಡರ್' ಎಂಬ ಬೇರೆಯೇ ಅನುಮತಿ ಇದೆ. ಆಂಡ್ರಾಯ್ಡ್ 14ರಲ್ಲಿ ಹೊಸದಾಗಿ ಹಾಕಿದ ಎಷ್ಟೋ ಆ್ಯಪ್‌ಗಳಿಗೆ ಅದು ತಾನಾಗಿ ಸಿಗುವುದಿಲ್ಲ.

ಇನ್ನು ಬ್ಯಾಟರಿ ಉಳಿತಾಯ. ಪರದೆ ಆರಿ, ಚಾರ್ಜರ್ ಇಲ್ಲದೆ, ಅಲುಗಾಡದೆ ಬಿದ್ದಿರುವ ಫೋನನ್ನು ಗಾಢ ನಿದ್ದೆಗೆ ಕಳಿಸುವ ವ್ಯವಸ್ಥೆ ಆಂಡ್ರಾಯ್ಡ್ 6ರಿಂದಲೇ ಇದೆ. ಹಿರಿಯರ ಫೋನ್ ಬಹುಪಾಲು ಹೊತ್ತು ಮೇಜಿನ ಮೇಲೆ ಇರುವುದೇ ಹಾಗೆ! ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ 'ನಿರ್ಬಂಧವಿಲ್ಲ' ಆರಿಸಿ. ಅಲ್ಲೇ ಸುತ್ತಮುತ್ತ, ಬಳಸದ ಆ್ಯಪ್‌ನ ಅನುಮತಿಗಳನ್ನು ಹಿಂಪಡೆಯುವ ಆಯ್ಕೆಯೂ ಸಿಗುತ್ತದೆ. ಅದನ್ನು ಆಫ್ ಮಾಡಿ. ಬಂದ ನೋಟಿಫಿಕೇಷನ್ ಅನ್ನು ಪಕ್ಕಕ್ಕೆ ಸರಿಸುವುದು 'ಬಳಕೆ'ಯ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ, ಆ್ಯಪ್ ತೆರೆಯದೆ ಸರಿಸುತ್ತಲೇ ಬಂದವರ ಆ್ಯಪ್ ಕೆಲವು ತಿಂಗಳ ಬಳಿಕ ಸದ್ದಿಲ್ಲದೆ ಮೂಕವಾಗಬಹುದು. ಅಲಾರಂ ಸದ್ದಿಗೂ ರಿಂಗಿನ ಸದ್ದಿಗೂ ಬೇರೆ ಬೇರೆ ಅಳತೆ ಇರುವುದನ್ನೂ ಮರೆಯಬೇಡಿ.

ಇಷ್ಟಾದ ಮೇಲೆ ಪರೀಕ್ಷೆ. ಐದು ನಿಮಿಷದ ಪರೀಕ್ಷೆ ಸಾಲದು, ಅಷ್ಟರಲ್ಲಿ ಫೋನ್ ಗಾಢ ನಿದ್ದೆಗೆ ಹೋಗಿರುವುದಿಲ್ಲ. ಎರಡು ಗಂಟೆ ಮುಂದಿನ ಸಮಯ ಕೊಟ್ಟು, ಚಾರ್ಜರ್ ತೆಗೆದು, ಮೇಜಿನ ಮೇಲಿಟ್ಟು ಕಾಯಬೇಕು.

ಆ ಎರಡು ಗಂಟೆಯಲ್ಲಿ ಮಾತಿನ ಕೆಲಸ ಮುಗಿಸಬಹುದು. ಕೀಬೋರ್ಡಿಗೆ ಕನ್ನಡ ಸೇರಿಸದೆ ಮೈಕ್ ಒತ್ತಿದರೆ ಅದು ಕನ್ನಡದ ಮಾತನ್ನು ಇಂಗ್ಲಿಷ್ ಎಂದು ಕೇಳಿಸಿಕೊಂಡು ಅರ್ಥವಿಲ್ಲದ ಪದ ಬರೆಯುತ್ತದೆ. 'ನನ್ ಮಾತು ಇದಕ್ಕೆ ತಿಳಿಯಲ್ಲ' ಎಂದು ಅಜ್ಜಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಕನ್ನಡ ಸೇರಿಸಿ, ಸ್ಪೇಸ್ ಬಾರಿನ ಮೇಲೆ ಆ ಹೆಸರು ಕಂಡ ಮೇಲೆ ಮೈಕ್ ಒತ್ತಲು ಹೇಳಿಕೊಡಿ. ಕಿವಿ ಮಂದವಿದ್ದರೆ 2019ರಲ್ಲಿ ಗೂಗಲ್ ತಂದ ಲೈವ್ ಟ್ರಾನ್ಸ್‌ಕ್ರೈಬ್ ಇದೆ. ಎದುರಿಗಿರುವವರು ಆಡಿದ ಕನ್ನಡ ದೊಡ್ಡ ಅಕ್ಷರದಲ್ಲಿ ಮೂಡುತ್ತ ಹೋಗುತ್ತದೆ. ಫೋನ್ ಮಾತಾಡುವವರ ಹತ್ತಿರವಿರಲಿ, ಒಬ್ಬರ ಮೇಲೊಬ್ಬರು ಮಾತಾಡದಿರಲಿ. ಕೂಗಿ ಕೂಗಿ ದಣಿದ ಮನೆಗೆ ಇದು ಎಷ್ಟು ದೊಡ್ಡ ಸಮಾಧಾನ ಎಂಬುದು ಅಂಥ ಮನೆಯವರಿಗೇ ಗೊತ್ತು. ಒಂದು ಕಿವಿ ಮಾತ್ರ ಮಂದವಿದ್ದರೆ ಮೋನೋ ಆಡಿಯೋ ಆನ್ ಮಾಡಿ, ಇಯರ್‌ಫೋನಿನ ಎರಡೂ ಬದಿಯ ಸದ್ದು ಕೇಳುವ ಕಿವಿಗೇ ಬರುತ್ತದೆ.

ಲಾಕ್ ತೆಗೆಯದೆಯೇ ಕಾಣುವ ತುರ್ತು ಮಾಹಿತಿಯಲ್ಲಿ ಫೋನ್ ನಂಬರಿನ ಜೊತೆಗೆ ರಕ್ತದ ಗುಂಪು, ಒಗ್ಗದ ಔಷಧಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೂ ತುಂಬಿ. ಐಫೋನ್ ಆದರೆ ಹೆಲ್ತ್ ಆ್ಯಪ್‌ನ ಮೆಡಿಕಲ್ ಐಡಿಯಲ್ಲಿ ಬರೆದು, ಲಾಕ್ ಇದ್ದಾಗಲೂ ಕಾಣಿಸುವ ಆಯ್ಕೆ ಆನ್ ಇದೆಯೇ ನೋಡಿ. ಮಾತ್ರೆ ಬದಲಾದಾಗಲೆಲ್ಲ ಇದನ್ನೂ ತಿದ್ದಬೇಕು.

ವಾರ ಬಿಟ್ಟು ಇನ್ನೊಮ್ಮೆ ಕುಳಿತು, ಏನೂ ಕೇಳದೆ, ಅಜ್ಜಿ ಫೋನ್ ಹಿಡಿಯುವುದನ್ನು ಹತ್ತು ನಿಮಿಷ ನೋಡಿ. ಬೆರಳು ಎಲ್ಲಿ ತಡೆಯುತ್ತದೋ ಮುಂದಿನ ಕೆಲಸ ಅಲ್ಲಿದೆ.