ರೋಮಿಯೋ ಜೂಲಿಯೆಟ್ ದುಡುಕಿ ಸತ್ತರಾ?

'ಸ್ವಲ್ಪ ತಾಳ್ಮೆ ಇದ್ದಿದ್ದರೆ ಆ ಇಬ್ಬರೂ ಬದುಕುತ್ತಿದ್ದರು ಅಲ್ವಾ?' ಶೇಕ್ಸ್‌ಪಿಯರ್ ಓದಿಕೊಂಡವರು ಸಿಕ್ಕರೆ ಸಾಕು, ಎಲ್ಲರೂ ಕೇಳುವುದು ಇದನ್ನೇ. ಕೇಳುವ ಧಾಟಿಯಲ್ಲೇ ತೀರ್ಪೂ ಇರುತ್ತದೆ: ವಯಸ್ಸಿನ ಹುಚ್ಚು, ಅನುಭವಿಸಿದರು. ನಾಟಕ ಪೂರ್ತಿ ಓದಿ ಆಮೇಲೆ ಕೇಳಿ.

ದುಡುಕು ಇತ್ತು, ನಿಜ. ಭಾನುವಾರ ರಾತ್ರಿ ಭೇಟಿ, ಸೋಮವಾರ ಮಧ್ಯಾಹ್ನ ಗುಟ್ಟಾಗಿ ಮದುವೆ. ಅದರ ಬೆನ್ನಿಗೇ ಗೆಳೆಯ ಮರ್ಕ್ಯುಷಿಯೋನ ಸಾವಿಗೆ ಸೇಡಾಗಿ ರೋಮಿಯೋ ಜೂಲಿಯೆಟ್‌ಳ ಸೋದರಮಾವನ ಮಗ ಟಿಬಾಲ್ಟ್‌ನನ್ನು ಕೊಂದು ಗಡೀಪಾರಾಗುತ್ತಾನೆ. ಕತೆಯ ಮೂಲವಾದ ಆರ್ಥರ್ ಬ್ರೂಕ್‌ನ 1562ರ ಕಾವ್ಯದಲ್ಲಿ ಇದೆಲ್ಲ ತಿಂಗಳುಗಟ್ಟಲೆ ನಡೆಯುತ್ತದೆ. ಶೇಕ್ಸ್‌ಪಿಯರ್ ಅದನ್ನು ನಾಲ್ಕೈದು ದಿನಕ್ಕೆ ಇಳಿಸಿದ. ಇದು ತೀರಾ ಅವಸರವಾಯಿತು ಎಂದು ಮೊದಲ ರಾತ್ರಿಯೇ ಬಾಯಿಬಿಟ್ಟು ಹೇಳಿದವಳು ಜೂಲಿಯೆಟ್.

ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಜೂಲಿಯೆಟ್‌ಗೆ ಮನೆಯವರು ನೋಡಿದ ವರ ಪ್ಯಾರಿಸ್ ಜೊತೆಗಿನ ಮದುವೆ ಗುರುವಾರದಿಂದ ಬುಧವಾರಕ್ಕೆ ಯಾಕೆ ಬಂತು? ಮಗಳಿಗೆ ಹದಿನಾಲ್ಕೂ ತುಂಬಿಲ್ಲ, ಇನ್ನೆರಡು ಬೇಸಿಗೆ ಕಳೆಯಲಿ ಎಂದಿದ್ದ ಅಪ್ಪ ಕ್ಯಾಪುಲೆಟ್, ಸೋಮವಾರ ರಾತ್ರಿ ಅವಳನ್ನು ಒಂದು ಮಾತೂ ಕೇಳದೆ ಗುರುವಾರಕ್ಕೆ ಗೊತ್ತುಮಾಡುತ್ತಾನೆ. ಮೊದಲು ಒಲ್ಲೆ ಎಂದಿದ್ದ ಅವಳು ಮಂಗಳವಾರ ಬಂದು ಕ್ಷಮೆ ಕೇಳಿದ ಖುಷಿಗೆ 'ನಾಳೆ ಬೆಳಿಗ್ಗೆಯೇ ಆಗಲಿ' ಎನ್ನುತ್ತಾನೆ. ಸಾಮಾನು ಸಾಲದು, ಗುರುವಾರವೇ ಇರಲಿ ಎಂದು ಹೆಂಡತಿ ಹೇಳಿದ್ದು ಅವನ ಕಿವಿಗೆ ಬೀಳುವುದಿಲ್ಲ.

ಈ ಎರಡನೇ ಮದುವೆ ತಪ್ಪಿಸಲು, ಅವರಿಬ್ಬರ ಗುಟ್ಟಿನ ಮದುವೆ ಮಾಡಿಸಿದ್ದ ಪಾದ್ರಿ ಲಾರೆನ್ಸ್‌ನ ಲೆಕ್ಕ ಇದ್ದದ್ದು ಹೀಗೆ: ಬುಧವಾರ ರಾತ್ರಿ ಜೂಲಿಯೆಟ್ ಮದ್ದು ಕುಡಿದರೆ 42 ಗಂಟೆ ಹೆಣದಂತೆ ಬಿದ್ದಿರುತ್ತಾಳೆ, ಅಷ್ಟರಲ್ಲಿ ಗಡೀಪಾರಾದ ರೋಮಿಯೋ ಇದ್ದ ಮಾಂಟುವಾ ಊರಿಗೆ ಕಾಗದ ಮುಟ್ಟಿ ಅವನು ಬರುತ್ತಾನೆ. ಮದುವೆ ಒಂದು ದಿನ ಮುಂಚೆ ಬಂದದ್ದರಿಂದ ಮಂಗಳವಾರ ರಾತ್ರಿಯೇ ಕುಡಿಯಬೇಕಾಯಿತು. ಕಾಗದ ಒಯ್ಯಬೇಕಿದ್ದ ಪಾದ್ರಿ ಜಾನ್‌ನನ್ನು ಪ್ಲೇಗ್ ಅನುಮಾನದಿಂದ ಒಂದು ಮನೆಯಲ್ಲಿ ಕೂಡಿಹಾಕಿದರು. ಇನ್ನೊಬ್ಬನನ್ನು ಕಳಿಸೋಣವೆಂದರೆ ಹೊತ್ತೇ ಉಳಿದಿರಲಿಲ್ಲ.

ರೋಮಿಯೋನ ದುಡುಕೇ ಬೇಕೆನ್ನುವವರು ಐದನೇ ಅಂಕ ನೋಡಲಿ. ಆಳು ಬಾಲ್ತಜಾರ್ ಜೂಲಿಯೆಟ್ ಸತ್ತಳೆಂಬ ಸುದ್ದಿ ತಂದಾಗ ರೋಮಿಯೋ 'ಪಾದ್ರಿ ಕಾಗದ ಕೊಟ್ಟಿಲ್ಲವಾ?' ಎಂದು ಎರಡು ಸಲ ಕೇಳುತ್ತಾನೆ. ಇಲ್ಲ ಎಂದ ಕೂಡಲೇ 'ಇರಲಿ ಬಿಡು' ಎಂದು ಕುದುರೆಗೆ ಹೇಳಿಕಳಿಸಿ, 40 ಡಕೆಟ್ ನಾಣ್ಯ ತೆತ್ತು ವಿಷ ಕೊಳ್ಳುತ್ತಾನೆ. ಗೋರಿಯೊಳಗೆ ಅವಳ ತುಟಿ, ಕೆನ್ನೆಯ ಕೆಂಪು ಇನ್ನೂ ಮಾಸಿಲ್ಲ ಎಂದು ತಾನೇ ಹೇಳುತ್ತಾನೆ, ಹೇಳಿಯೂ ಕುಡಿಯುತ್ತಾನೆ. ಓದಿದಾಗಲೆಲ್ಲ ಆ ಸಾಲಿನಲ್ಲಿ ನನ್ನ ಹೊಟ್ಟೆ ಉರಿಯುತ್ತದೆ. ಪಾದ್ರಿ ಗೋರಿ ತಲುಪುವಾಗ ರೋಮಿಯೋ ಒಳಗೆ ಹೋಗಿ ಅರ್ಧ ಗಂಟೆಯಷ್ಟೇ ಆಗಿತ್ತು. ಕ್ಯಾಪುಲೆಟ್ ಕಿತ್ತುಕೊಂಡದ್ದು ಒಂದು ಇಡೀ ದಿನ.